ಅಪ್ಪನ ಗಿಟಾರ್ ಬಿಡಿಸಬೇಡಿ, ಮೊದಲು ಕಿವಿ ತೋರಿಸಿ

ಪ್ರಶ್ನೆ: ನಮ್ಮ ಅಪ್ಪನಿಗೆ ಈಗ 68 ವರ್ಷ. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತರಾದವರು. ಕಾಲೇಜು ದಿನಗಳಿಂದಲೂ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾರೆ. ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್ ರಾಕ್ ತಂಡಗಳು ಅಂದ್ರೆ ಪ್ರಾಣ. ಈಗಲೂ ಹಳೇ ಗೆಳೆಯರ ತಂಡದ ಜೊತೆ ಗಣಪತಿ ಹಬ್ಬ, ರಾಜ್ಯೋತ್ಸವ, ಹೋಮ್‌ಸ್ಟೇ ಅಂತ ಪ್ರೋಗ್ರಾಂ ಕೊಡುತ್ತಾ ಇರುತ್ತಾರೆ. ಇತ್ತೀಚೆಗೆ ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿಯಾಗಿರುತ್ತವೆ. ತುದಿಯ ಗೆಣ್ಣುಗಳು ದಪ್ಪ ಆಗಿವೆ. ಎಡಗೈಯ ಉಂಗುರದ ಬೆರಳು ಮಡಚಿದರೆ ಸಿಕ್ಕಿಕೊಂಡು, ಆಮೇಲೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ವೇಗದ ಸೋಲೋ ಬರುವಾಗ ತಡವರಿಸುತ್ತಾರೆ. ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಟಿವಿ ಸೌಂಡ್ ಕೂಡ ಜಾಸ್ತಿ ಇಡುತ್ತಾರೆ. ಅಮ್ಮ ಮತ್ತು ಅಣ್ಣ 'ಇನ್ನು ಸಾಕು' ಅನ್ನುತ್ತಿದ್ದಾರೆ. ನಿಲ್ಲಿಸಿ ಅಂತ ಅಪ್ಪನಿಗೆ ಹೇಗೆ ಹೇಳುವುದು? – ಓದುಗರೊಬ್ಬರು, ಸಾಗರ

ಉತ್ತರ: ನಿಲ್ಲಿಸಿ ಅಂತ ಹೇಳಬೇಕಾದ ಕಾರಣ ನನಗೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಬೆರಳಿನ ಬಗ್ಗೆ ನೀವು ಇಷ್ಟುದ್ದ ಬರೆದಿದ್ದೀರಿ. ಟಿವಿ ಸೌಂಡ್ ಬಗ್ಗೆ ಒಂದೇ ಸಾಲು. ನನಗೆ ದಿಗಿಲಾಗಿದ್ದು ಆ ಒಂದು ಸಾಲು ಓದಿ.

ನಾನು ಡಾಕ್ಟರ್ ಅಲ್ಲ. ಗಿಟಾರ್ ಕಲಿಸುವವನು, ಗಿಟಾರ್ ಸೆಟಪ್ ಮತ್ತು ರಿಪೇರಿ ಮಾಡುವವನು. ನನ್ನ ಹತ್ತಿರ ಬರುವವರಲ್ಲಿ ಅರವತ್ತು ದಾಟಿದವರು ಕಡಿಮೆಯೇನಿಲ್ಲ. ಎಲ್ಲರೂ ಮೊದಲು ಕೈ ತೋರಿಸುತ್ತಾರೆ. ಕಿವಿ ಮಾತು ನಾನೇ ಎತ್ತಬೇಕು. ಬೆರಳು ಬಿಗಿಯಾದರೆ ದಾರಿಗಳಿವೆ: ತಂತಿ ಬದಲಿಸಬಹುದು, ಶ್ರುತಿ ಇಳಿಸಬಹುದು, ಹಾಡನ್ನೇ ಬದಲಿಸಬಹುದು. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಿಮ್ಮ ಅಪ್ಪನ ಕಿವಿಗೆ ಮೂರು ಕಡೆಯಿಂದ ಪೆಟ್ಟು ಬಿದ್ದಿರಬಹುದು. ಹಗಲು ಕಾರ್ಖಾನೆಯ ಗದ್ದಲ, ರಾತ್ರಿ ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಮತ್ತು ಡ್ರಮ್ಸ್, ಇವೆರಡರ ಮೇಲೆ ವಯಸ್ಸು.

ಸದ್ದಿನ ಲೆಕ್ಕ ಒಂದು ಸಲ ತಿಳಿದುಕೊಂಡರೆ ಸಾಕು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಕೆಲಸದ ಜಾಗಗಳಿಗೆ ಒಂದು ಮಿತಿ ಇಟ್ಟುಕೊಳ್ಳುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ನಮ್ಮ ರಸಮಂಜರಿ ಸ್ಟೇಜ್ ಮೇಲೆ, ಡ್ರಮ್ಸ್ ಪಕ್ಕ ನಿಂತವರಿಗೆ 100 ದೊಡ್ಡ ಮಾತೇನಲ್ಲ. ಫೋನಿನಲ್ಲಿ ಸದ್ದು ಅಳೆಯುವ ಆಪ್‌ಗಳಿವೆ. ಪಕ್ಕಾ ಲೆಕ್ಕ ಕೊಡುವುದಿಲ್ಲ, ಅಂದಾಜು ಸಿಗುತ್ತದೆ. ಮುಂದಿನ ಪ್ರೋಗ್ರಾಂನಲ್ಲಿ ಅಪ್ಪ ನಿಲ್ಲುವ ಜಾಗದಲ್ಲೇ ಒಮ್ಮೆ ಹಿಡಿದು ನೋಡಿ.

ದೊಡ್ಡ ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ದಿ ಹೂ ರಾಕ್ ತಂಡದ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಕಿವಿ ಮೊರೆತದ ಬಗ್ಗೆ, ಕಿವಿ ಮಂದವಾದ ಬಗ್ಗೆ ಎಷ್ಟೋ ವರ್ಷಗಳಿಂದ ಬಾಯಿಬಿಟ್ಟು ಹೇಳುತ್ತಿದ್ದಾರೆ. ಗಿಟಾರಿಸ್ಟ್ ಎರಿಕ್ ಕ್ಲ್ಯಾಪ್ಟನ್‌ಗೂ ಕಿವಿ ಮೊರೆಯುತ್ತದೆ. ಎಸಿ/ಡಿಸಿ ತಂಡದ ಹಾಡುಗಾರ ಬ್ರಿಯಾನ್ ಜಾನ್ಸನ್ 2016ರಲ್ಲಿ ಟೂರ್ ನಡುವೆಯೇ ಸ್ಟೇಜ್ ಬಿಡಬೇಕಾಗಿ ಬಂದದ್ದು ಗಂಟಲಿನಿಂದಲ್ಲ, ಕಿವಿಯಿಂದ.

ಆಂಪ್ ನೋಡಿದರೆ ಕಿವಿಯ ಕಥೆ ಸುಮಾರು ಗೊತ್ತಾಗುತ್ತದೆ. ವಯಸ್ಸಾದಂತೆ, ಗದ್ದಲಕ್ಕೆ ಸಿಕ್ಕಂತೆ ಮೊದಲು ಹೋಗುವುದು ಸಣ್ಣ ಚೂಪು ಸದ್ದುಗಳು. ಮಾತಿನಲ್ಲಿ ಸ, ಶ, ಫ ಸರಿಯಾಗಿ ಕೇಳುವುದಿಲ್ಲ. ಗಿಟಾರ್‌ನಲ್ಲಿ ಪಿಕ್ (ಮೀಟುವ ಬಿಲ್ಲೆ) ತಂತಿಗೆ ತಾಗುವ ಆ ಕಿಡಿ ಕೇಳುವುದಿಲ್ಲ. ನುಡಿಸುವವರಿಗೆ 'ಯಾಕೋ ಮಂಕು' ಅನ್ನಿಸುತ್ತದೆ. ಆಂಪ್‌ನಲ್ಲಿ ಚೂಪು ಸದ್ದು ಏರಿಸುವ ಟ್ರೆಬಲ್ ನಾಬ್ ಐದರಿಂದ ಏಳಕ್ಕೆ ಹೋಗುತ್ತದೆ, ಮುಂದಿನ ವರ್ಷ ಒಂಬತ್ತಕ್ಕೆ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಮನೆಗೆ ಹೋದಾಗ ಅಪ್ಪನ ಆಂಪ್ ಮೇಲೆ ಟ್ರೆಬಲ್ ಎಲ್ಲಿದೆ ನೋಡಿ ಬನ್ನಿ. ಹಳೇ ವಿಡಿಯೋ ಇದ್ದರೆ ಅದರಲ್ಲಿ ನಾಬ್ ಎಲ್ಲಿತ್ತು ಅಂತಲೂ ನೋಡಿ. ಇಷ್ಟರಿಂದಲೇ ತೀರ್ಮಾನ ಮಾಡಬೇಡಿ. ಆದರೆ ಇಎನ್‌ಟಿ ಡಾಕ್ಟರ್ ಹತ್ತಿರ ಆಡಿಯೋಗ್ರಾಮ್ ಅನ್ನುವ ಕಿವಿ ಪರೀಕ್ಷೆ ಮಾಡಿಸಲು ಇಷ್ಟು ಗುಮಾನಿ ಸಾಕು. ನೋವಿಲ್ಲ, ಸೂಜಿ ಇಲ್ಲ. ಸದ್ದು ಬರದ ಕೋಣೆಯಲ್ಲಿ ಕೂತು, ಕೇಳಿಸಿದಾಗ ಬಟನ್ ಒತ್ತುವುದು ಅಷ್ಟೇ. ಹೆಚ್ಚಿನ ಪರೀಕ್ಷೆ ಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಂದು ಎಚ್ಚರಿಕೆ: ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದೆ ಹೋದರೆ ನಾಳೆ ನಾಡಿದ್ದು ಅನ್ನಬೇಡಿ. ಅವತ್ತೇ ಹೋಗಬೇಕು.

ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಅಪ್ಪನ ಆಂಪ್ ನೆಲದ ಮೇಲಿದ್ದರೆ ಒಂದು ಗಟ್ಟಿ ಕುರ್ಚಿ ಮೇಲೆ ಏರಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ. ಗಿಟಾರ್ ಆಂಪ್‌ನ ಚೂಪು ಸದ್ದು ನೇರಕ್ಕೆ ಟಾರ್ಚ್ ಬೆಳಕಿನ ಹಾಗೆ ಹೋಗುತ್ತದೆ. ನೆಲದ ಮೇಲಿಟ್ಟರೆ ಅದು ಅಪ್ಪನ ಮೊಣಕಾಲಿಗೂ ಎದುರು ಕೂತವರ ಮುಖಕ್ಕೂ ಹೊಡೆಯುತ್ತದೆ, ಅಪ್ಪನ ಕಿವಿಗೆ ಮಾತ್ರ ಹೋಗುವುದಿಲ್ಲ. ಏರಿಸಿಟ್ಟ ದಿನ ಅವರೇ ವಾಲ್ಯೂಮ್ ಇಳಿಸುತ್ತಾರೆ. ಯಾರೂ ಹೇಳಬೇಕಾಗಿಲ್ಲ.

ಆಮೇಲೆ ಇಯರ್‌ಪ್ಲಗ್. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನದು ಕೊಟ್ಟರೆ ಅವರು ಒಂದೇ ಹಾಡಿಗೆ ಕಿತ್ತು ಬಿಸಾಡುತ್ತಾರೆ, ಅದು ಸರಿಯೂ ಹೌದು. ಸ್ಪಂಜು ಚೂಪು ಸದ್ದನ್ನೇ ಜಾಸ್ತಿ ತಿನ್ನುತ್ತದೆ. ಎಲ್ಲವೂ ಕಂಬಳಿ ಒಳಗಿಂದ ಬಂದಂತೆ ಕೇಳುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಬೇರೆ. ಒಳಗೆ ಸಣ್ಣ ಫಿಲ್ಟರ್ ಇರುತ್ತದೆ. ದಪ್ಪ ಸದ್ದು, ಚೂಪು ಸದ್ದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮನೆ, 15 ಡೆಸಿಬೆಲ್‌ನಷ್ಟು, ತಗ್ಗಿಸುವಂಥವು ಸಿಗುತ್ತವೆ. ಮೇಲಿನ ಲೆಕ್ಕ ನೆನಪಿದೆಯಲ್ಲ? 100 ಇದ್ದದ್ದು 85 ಆಯಿತು ಅಂದರೆ 15 ನಿಮಿಷ 8 ಗಂಟೆ ಆಯಿತು. ಮೊದಲು ಮನೆಯಲ್ಲಿ, ಪ್ರಾಕ್ಟೀಸ್‌ನಲ್ಲಿ ಹಾಕಿ ಅಭ್ಯಾಸವಾಗಲಿ. ಸೀದಾ ಸ್ಟೇಜ್ ಮೇಲೆ ಬೇಡ. ಮುಂದೆ ಹಿಯರಿಂಗ್ ಏಡ್ ಬೇಕು ಅಂತ ಬಂದರೆ, ಕೊಳ್ಳುವಾಗಲೇ 'ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ' ಅಂತ ಕೇಳಿ. ಅವು ಮಾತಿಗೆಂದು ಹೊಂದಿಸಿರುವಂಥವು. ಹಾಗೇ ಹಾಕಿಕೊಂಡರೆ ಗಿಟಾರ್ ಒಡಕು ಒಡಕಾಗಿ ಕೇಳುತ್ತದೆ.

ಇನ್ನು ಬೆರಳು. ಸಿಕ್ಕಿಕೊಂಡು ಟಕ್ ಅನ್ನುವುದಕ್ಕೆ ಡಾಕ್ಟರುಗಳು ಟ್ರಿಗರ್ ಫಿಂಗರ್ ಅನ್ನುತ್ತಾರೆ. ಶುಗರ್ ಇದ್ದವರಲ್ಲಿ ಇದು ಜಾಸ್ತಿ. ಬೆರಳು ಮಡಚುವ ಹಗ್ಗದಂಥ ಹುರಿ ಒಂದು ಕೊಳವೆಯೊಳಗೆ ಓಡಾಡುತ್ತದೆ. ಆ ಕೊಳವೆ ಊದಿ ಬಿಗಿಯಾದಾಗ ಹುರಿ ಸಿಕ್ಕಿಬೀಳುತ್ತದೆ. ಎಣ್ಣೆ ಹಚ್ಚಿ ಬಲವಾಗಿ ಎಳೆದು ನೆಟಿಗೆ ತೆಗೆಯುವವರ ಹತ್ತಿರ ಹೋಗಬೇಡಿ. ಮೂಳೆ ಡಾಕ್ಟರ್ ಹತ್ತಿರ ಹೋದರೆ ಪಟ್ಟಿ, ಇಂಜೆಕ್ಷನ್, ಬೇಕಾದರೆ ಸಣ್ಣ ಆಪರೇಷನ್, ಎಲ್ಲಕ್ಕೂ ದಾರಿ ಇದೆ. ಸ್ಟಿರಾಯ್ಡ್ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರಬಹುದು, ಆದ್ದರಿಂದ ಶುಗರ್ ಇದೆ ಅಂತ ಮೊದಲೇ ಹೇಳಬೇಕು. ತುದಿಗೆಣ್ಣು ದಪ್ಪ ಆಗಿ, ಬೆಳಿಗ್ಗೆ ಬಿಗಿ ಇರುವುದು ಸವೆತದ ಸಂಧಿವಾತ ಇರಬಹುದು. ಡಾಕ್ಟರ್ ನೋಡಿಯೇ ಹೇಳಬೇಕು. ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಕೈಗೂ ಸಂಧಿವಾತ ಇದೆ. ರೋಲಿಂಗ್ ಸ್ಟೋನ್ಸ್ ಜೊತೆ 2024ರ ಟೂರ್ ಮುಗಿಸಿದಾಗ ಅವರಿಗೆ 80 ವರ್ಷ.

ಬಿಗಿ ಬೇರೆ, ಜೋಮು ಬೇರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಎರಡೂ ಪಾದ, ಎರಡೂ ಕೈ ಮರಗಟ್ಟಿದ ಹಾಗಿದ್ದರೆ ಶುಗರಿನಿಂದ ನರ ಕೆಡುತ್ತಿರಬಹುದು. ಕ್ಲ್ಯಾಪ್ಟನ್‌ಗೂ ನರದ ತೊಂದರೆ ಇದೆ, 2016ರಲ್ಲಿ ಅವರೇ ಹೇಳಿಕೊಂಡರು. ಒಂದು ಕೈ ಇದ್ದಕ್ಕಿದ್ದಂತೆ ಮಾತು ಕೇಳದೆ ಹೋದರೆ ಅದು ಬೆರಳಿನ ಕಾಯಿಲೆ ಅಂತ ಕೂರಬಾರದು. ಕ್ವೀನ್ ತಂಡದ ಬ್ರಿಯಾನ್ ಮೇಗೆ 2024ರಲ್ಲಿ ಎಡಗೈ ಹಿಡಿತ ತಪ್ಪಿತು. ಸಣ್ಣ ಪಾರ್ಶ್ವವಾಯು ಆಗಿತ್ತು. ಬೇಗ ಆಸ್ಪತ್ರೆಗೆ ಹೋದರು, ಮತ್ತೆ ಗಿಟಾರ್ ಹಿಡಿದರು.

ಇಲ್ಲಿಂದ ಮುಂದಿನದು ನನ್ನ ಕೆಲಸ. ವಯಸ್ಸಾದ ಕೈಗೆ ಅರ್ಧ ಕಷ್ಟ ಕೊಡುವುದು ಗಿಟಾರೇ. ಅದರಲ್ಲೂ ಮಲೆನಾಡಿನ ಗಿಟಾರ್. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ನೆಕ್ ಅಂದರೆ ತಂತಿ ಒತ್ತುವ ಉದ್ದದ ಭಾಗ ಅತ್ತಿತ್ತ ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ತುಕ್ಕು ತಂತಿ ಮೇಲೆ ಬೆರಳು ಜಾರುವುದಿಲ್ಲ, ಉಜ್ಜುತ್ತದೆ. ಹೊಸಬರಿಗೆ ಬರೀ ಕಿರಿಕಿರಿ. ಗೆಣ್ಣು ನೋಯುವವರಿಗೆ ಅದು ಪ್ರತಿ ಸ್ವರಕ್ಕೂ ದಂಡ. ಗಣಪತಿ ಹಬ್ಬ ಬರುವುದೂ ಇದೇ ಕಾಲಕ್ಕೆ. ಹಬ್ಬಕ್ಕೆ ಮುಂಚೆ ತಂತಿ ಬದಲಾಗಲೇಬೇಕು, ನೆಕ್ ನೇರ ಮಾಡಿಸಬೇಕು, ಆಕ್ಷನ್ ಅಂದರೆ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲಿಂದ ತಂತಿಯ ಎತ್ತರ ಇಳಿಸಬೇಕು. ಹನ್ನೆರಡನೇ ಫ್ರೆಟ್ ಹತ್ತಿರ ಮೊದಲ ತಂತಿ ಒಂದೂವರೆ ಮಿಲಿಮೀಟರ್ ಆಸುಪಾಸು, ಆರನೇದು ಎರಡು. ಮೂರು ಮಿಲಿಮೀಟರ್ ಇದ್ದ ಗಿಟಾರನ್ನು 'ಇದಕ್ಕೇ ಅಭ್ಯಾಸ ಆಗಿದೆ' ಅಂತ ನುಡಿಸುವ ಹಳಬರನ್ನು ನೋಡಿದ್ದೇನೆ. ನುಡಿಸದೆ ಇದ್ದಾಗ ಗಿಟಾರ್ ಗೋಡೆಗೆ ಒರಗಿಸಬೇಡಿ, ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಮರದ ಕಪಾಟಿನೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಈಗ ತಂತಿ. ಅಪ್ಪನ ಕಾಲದವರು ದಪ್ಪ ತಂತಿ ಹಾಕಿದರೇ ಗಂಡಸುತನ ಅಂದುಕೊಂಡವರು. ಬಿಡಿಸಿ. ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಾರೆ. ಮೊದಲ ತಂತಿ 10ರ ಬದಲು 9 ಹಾಕಿದರೆ ಅದರ ಎಳೆತ ಸುಮಾರು 19 ಶೇಕಡ ಕಡಿಮೆ. ಅದರ ಮೇಲೆ ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿದರೆ ಇನ್ನೊಂದು 11 ಶೇಕಡ. ಎರಡೂ ಸೇರಿದರೆ ಕಾಲುಭಾಗಕ್ಕಿಂತ ಜಾಸ್ತಿ ಭಾರ ಬೆರಳಿನಿಂದ ಇಳಿಯಿತು. ತಂತಿ ಸಡಿಲ ಆದಾಗ ಆಕ್ಷನ್ ತೀರಾ ತಗ್ಗಿದ್ದರೆ ಫ್ರೆಟ್‌ಗೆ ತಾಗಿ ಗುಯ್‌ಗುಟ್ಟುತ್ತದೆ. ಹಾಗಾಗಿ ತಂತಿ ಹಾಕಿದ ಮೇಲೆ ಮತ್ತೊಮ್ಮೆ ಸೆಟಪ್ ಮಾಡಿಸಬೇಕು. ತೆಳು ತಂತಿಯಲ್ಲಿ ದಪ್ಪ ಸದ್ದು ಬರುವುದಿಲ್ಲ ಅಂತ ಅಪ್ಪ ವಾದ ಮಾಡಿದರೆ ಝಡ್‌ಝಡ್ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಹೆಸರು ಹೇಳಿ. ಅವರು ಹಾಕುವುದು 7ರ ತಂತಿ.

ನಿಮ್ಮ ಅಪ್ಪನಿಗೆ ಬ್ಲ್ಯಾಕ್ ಸಬ್ಬತ್ ಇಷ್ಟ ಅಂದಿರಿ. ಆ ತಂಡದ ಗಿಟಾರಿಸ್ಟ್ ಟೋನಿ ಅಯೋಮಿ ಕಥೆ ಅವರಿಗೆ ಗೊತ್ತಿರಬಹುದು, ಆದರೂ ಅವರ ಹತ್ತಿರ ಮತ್ತೊಮ್ಮೆ ಮಾತಾಡಿ. ಬರ್ಮಿಂಗ್‌ಹ್ಯಾಮ್ ಅನ್ನುವ ಕಬ್ಬಿಣದ ಊರಿನಲ್ಲಿ ತಗಡು ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದ ಹದಿನೇಳರ ಹುಡುಗ. ಕೆಲಸದ ಕೊನೇ ದಿನ ಮಷಿನ್‌ಗೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿ ಹೋದವು. ಅವರು ಎಡಚರು. ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿಕೊಂಡರು. ತೆಳು ತಂತಿ ಸಿಗದ ಕಾಲ, ಬ್ಯಾಂಜೋ ಅನ್ನುವ ವಾದ್ಯದ ತಂತಿ ಹಾಕಿದರು. 1971ರ ಹೊತ್ತಿಗೆ ಶ್ರುತಿಯನ್ನು ಒಂದೂವರೆ ಸ್ವರ ಕೆಳಗಿಳಿಸಿದರು. ಕೈ ಹಗುರಾಗಲಿ ಅಂತ ಮಾಡಿದ್ದು. ಅದೇ ಭಾರದ ಸದ್ದು ಮುಂದೆ ಹೆವಿ ಮೆಟಲ್‌ನ ಗುರುತಾಯಿತು. 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸಬ್ಬತ್ ಕೊನೆಯ ಸಲ ಸ್ಟೇಜ್ ಹತ್ತಿದಾಗ ಅಯೋಮಿಗೆ 77. ನಡುವೆ ಕ್ಯಾನ್ಸರ್ ಕೂಡ ಬಂದು ಹೋಗಿತ್ತು. ಕಬ್ಬಿಣದ ಊರಿನಲ್ಲೇ ಬಾಳಿದ ನಿಮ್ಮ ಅಪ್ಪನಿಗೆ ಶ್ರುತಿ ಇಳಿಸುವುದು ಸೋಲು ಅಂತ ಅನ್ನಿಸಿದರೆ, ಅವರು ಪ್ರಾಣ ಬಿಡುವ ಆ ಹಾಡುಗಳಲ್ಲೇ ಎಷ್ಟೋ ಇಳಿಸಿದ ಶ್ರುತಿಯವು ಅಂತ ನೆನಪಿಸಬಹುದು.

ಹಾಡಿನ ಆಯ್ಕೆಯಲ್ಲೂ ಸ್ವಲ್ಪ ಜಾಣತನ ಬೇಕು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಒಂದು ಬೆರಳು ಅಡ್ಡ ಒತ್ತಿ, ಉಳಿದ ಬೆರಳುಗಳನ್ನೂ ಒತ್ತಬೇಕಾದ ಬಾರ್ ಕಾರ್ಡ್ ಒತ್ತಿ ಒತ್ತಿ ಹೆಬ್ಬೆರಳ ಬುಡ ನೋಯುತ್ತದೆ. ಕೀತ್ ರಿಚರ್ಡ್ಸ್ ಚಿಕ್ಕ ವಯಸ್ಸಿನಲ್ಲೇ ಹಿಡಿದ ದಾರಿ ಇದಕ್ಕೆ ಒಳ್ಳೇ ಮದ್ದು. ಆರನೇ ತಂತಿ ತೆಗೆದು, ಉಳಿದ ಐದನ್ನು ಜಿ ಕಾರ್ಡ್ ಬರುವ ಹಾಗೆ ಶ್ರುತಿ ಮಾಡುವುದು. ಆಗ ಒಂದೇ ಬೆರಳು ಅಡ್ಡ ಇಟ್ಟರೆ ಸಾಕು, ಮೇಜರ್ ಕಾರ್ಡ್ ಬರುತ್ತದೆ. ವೇಗದ ಸೋಲೋಗಳನ್ನು ತಂಡದಲ್ಲಿ ಒಬ್ಬ ಹುಡುಗನಿಗೆ ಹಂಚಿಕೊಡಲಿ, ಅಪ್ಪ ನಿಧಾನದ್ದನ್ನು ಇಟ್ಟುಕೊಳ್ಳಲಿ. ಗಿಟಾರಿಸ್ಟ್ ಲೆಸ್ ಪಾಲ್ 2009ರಲ್ಲಿ ತೀರಿಕೊಳ್ಳುವಾಗ 94. ಕೊನೇ ವರ್ಷಗಳಲ್ಲೂ ಸೋಮವಾರ ರಾತ್ರಿ ನ್ಯೂಯಾರ್ಕ್‌ನ ಕ್ಲಬ್ ಒಂದರಲ್ಲಿ ನುಡಿಸುತ್ತಿದ್ದರು. ಸಂಧಿವಾತದಿಂದ ಎಲ್ಲ ಬೆರಳೂ ಆಡುತ್ತಿರಲಿಲ್ಲ. ಆಡುವ ಬೆರಳಿಗೆ ತಕ್ಕಂತೆ ನುಡಿಸಿದರು.

ಪ್ರಾಕ್ಟೀಸ್ ಹೊತ್ತನ್ನು ಒಡೆಯಿರಿ. ಒಂದೇ ಬಾರಿಗೆ ಎರಡು ಗಂಟೆ ಬೇಡ, ಇಪ್ಪತ್ತು ನಿಮಿಷ ನುಡಿಸಿ ಬಿಡುವು. ಕೂರುವ ಮುಂಚೆ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈ ಅದ್ದಿಕೊಳ್ಳಲಿ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ಶುಗರ್‌ನಿಂದ ಕೈ ಮರಗಟ್ಟಿದ್ದರೆ ಮಾತ್ರ ನೀರು ಎಷ್ಟು ಬಿಸಿ ಅಂತ ಬೇರೆಯವರು ಮುಟ್ಟಿ ನೋಡಬೇಕು.

ಸ್ಟೇಜ್ ಮೇಲೆ ಕುರ್ಚಿ ಹಾಕಿಕೊಳ್ಳಲಿ. ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಕೊನೆಯ ಎಷ್ಟೋ ವರ್ಷ ಕೂತೇ ನುಡಿಸಿದರು. ಅವರಿಗೂ ಶುಗರ್ ಇತ್ತು. ಭಾರದ ಗಿಟಾರ್ ನಾಲ್ಕು ಕಿಲೋ ದಾಟುತ್ತದೆ. ನಿಂತೇ ನುಡಿಸುತ್ತೇನೆ ಅಂದರೆ ಅಗಲದ ಬೆಲ್ಟ್ ಆದರೂ ಇರಲಿ. ಆಂಪ್ ಎತ್ತುವ ಕೆಲಸ ಹುಡುಗರದು, ಇದರಲ್ಲಿ ರಾಜಿ ಬೇಡ.

ನೀವು ಕೇಳದಿದ್ದರೂ ಅರ್ಥಿಂಗ್ ಬಗ್ಗೆ ಹೇಳಲೇಬೇಕು. ಗಿಟಾರ್ ತಂತಿಗಳು ಒಳಗಿನ ವೈರ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಆಂಪ್ ಒಂದು ಬೋರ್ಡಿನಿಂದ, ಮೈಕ್ ಸಿಸ್ಟಮ್ ಇನ್ನೊಂದರಿಂದ ಕರೆಂಟ್ ಎಳೆದಿದ್ದು, ಒಂದರಲ್ಲಿ ಅರ್ಥ್ ಇಲ್ಲದೆ ಅದರ ಲೋಹದ ಮೈಗೆ ಕರೆಂಟ್ ಬಂದಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕ್ ಮುಟ್ಟಿದ ತುಟಿ ನಡುವೆ ಶಾಕ್ ಹರಿಯುತ್ತದೆ. 1972ರಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ಟೇಜ್ ಮೇಲೆ ಹೀಗೆ ಪ್ರಾಣ ಬಿಟ್ಟರು. ನಮ್ಮಲ್ಲಿ ಸೇರಿಕೊಳ್ಳುವುದು ಜನರೇಟರ್, ಸೋರುವ ಶಾಮಿಯಾನ, ಇದೆಲ್ಲದರ ಮೇಲೆ ಬರಿಗಾಲು. ಗಣಪತಿ ಮುಂದೆ ಚಪ್ಪಲಿ ಹಾಕಿಕೊಂಡು ಸ್ಟೇಜ್ ಹತ್ತುವುದಿಲ್ಲ ಅಲ್ವಾ. ಒದ್ದೆ ಹಲಗೆ ಮೇಲೆ ಬರಿಗಾಲಲ್ಲಿ ನಿಂತಿರುತ್ತಾರೆ. ಕಾಲ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಸೌಂಡ್‌ನವರಿಗೆ ಹೇಳಿ ಆಂಪ್, ಮೈಕ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿಸಿ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಕಿತ್ತು ಹಾಕಿದ್ದರೆ ಆ ವೈರ್ ಬೇಡವೇ ಬೇಡ. ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದರೆ ಇನ್ನೂ ಒಳ್ಳೆಯದು. ಗಿಟಾರ್‌ಗೆ ವೈರ್‌ಲೆಸ್ ಹಾಕಿದರೆ ಈ ದಾರಿಯೇ ಕಡಿದಂತೆ. ಹುಟ್ಟುಹಬ್ಬಕ್ಕೆ ಅಣ್ಣ ಏನಾದರೂ ಕೊಡಬೇಕು ಅಂದರೆ ಅದನ್ನೇ ಕೊಡಲಿ.

ಅಮ್ಮನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವರಿಗೆ ಬೇಜಾರು ಗಿಟಾರ್ ಮೇಲೋ, ಅಪರಾತ್ರಿ ಘಾಟಿ ಇಳಿದು ಬರುವುದರ ಮೇಲೋ ಕೇಳಿ. ಹೆಚ್ಚಿನ ಮನೆಗಳಲ್ಲಿ ಎರಡನೆಯದು. ಹತ್ತು ಗಂಟೆ ಮೇಲೆ ಮೈಕ್ ಬೇಡ ಅನ್ನುವ ನಿಯಮ 2000ದಿಂದ ಇದೆ. ಹಬ್ಬಗಳಿಗೆ ವರ್ಷದಲ್ಲಿ ಹದಿನೈದು ದಿನದ ಒಳಗೆ, ಹನ್ನೆರಡರವರೆಗೆ ಸರ್ಕಾರ ಸಡಿಲ ಕೊಡಬಹುದು. ಹತ್ತಕ್ಕೆ ಮುಗಿಯುವ ಪ್ರೋಗ್ರಾಂ ಮಾತ್ರ ಒಪ್ಪಿಕೊಳ್ಳುವುದು, ಹೋಮ್‌ಸ್ಟೇ ಆದರೆ ಅಲ್ಲೇ ಮಲಗಿ ಬೆಳಿಗ್ಗೆ ಹೊರಡುವುದು ಅಂತ ಆದರೆ ಅಮ್ಮನ ತಕರಾರು ಅರ್ಧ ಕರಗುತ್ತದೆ. ರಾತ್ರಿ ಊಟ, ಮಾತ್ರೆ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಅಪ್ಪನ ಹತ್ತಿರ ಮಾತು ತೆಗೆಯುವಾಗ 'ವಯಸ್ಸಾಯಿತು' ಅಂತ ಶುರು ಮಾಡಬೇಡಿ. 'ಹಬ್ಬಕ್ಕೆ ಮುಂಚೆ ಗಿಟಾರ್ ಸೆಟಪ್ ಮಾಡಿಸೋಣ, ಹಾಗೇ ಕಿವಿನೂ ಒಮ್ಮೆ ತೋರಿಸಿಕೊಂಡು ಬರೋಣ' ಅನ್ನಿ. ಮೊದಲಿನದಕ್ಕೆ ಖಂಡಿತ ಹೊರಡುತ್ತಾರೆ. ಸೆಟಪ್‌ಗೆ ಗಿಟಾರ್ ಮಾತ್ರ ಕಳಿಸಬೇಡಿ, ಅವರೂ ಬರಬೇಕು. ಆ ಬೆರಳು ಯಾವ ಫ್ರೆಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನುಡಿಸಿ ನೋಡಿದರೇ ಆಕ್ಷನ್ ಎಷ್ಟಕ್ಕೆ ಇಳಿಸಬೇಕು ಅಂತ ಗೊತ್ತಾಗುವುದು.